ಲೇತ್ ಅಂಗಡಿಯವನನ್ನು ಕೇಳು

ಅಳಿಯ: ಮಾವ, ತಾತನ ಅಂಬಾಸಿಡರ್ ರೆಡಿ ಮಾಡಿಸೋಣ ಅಂತಿದ್ದೀನಿ. ಕಣ್ಣು ಮುಚ್ಚಿ ನಂಬಬಹುದಾದ ಮೆಕ್ಯಾನಿಕ್ ಯಾರಾದ್ರೂ ಇದ್ರೆ ಹೇಳಿ.

ಮಾವ: ಕಣ್ಣು ಮುಚ್ಚಿ ನಂಬೋದಾದ್ರೆ ಯಾರಾದ್ರೇನು? ಅದು ಬಿಡು. ಗಾಡಿ ಯಾವ ಸ್ಥಿತೀಲಿ ಐತೆ?

ಅಳಿಯ: ಶೆಡ್ಡಲ್ಲೇ ನಿಂತಿದೆ. 1967ರ ಮಾರ್ಕ್ ಟು. ನಿಲ್ಲಿಸೋ ಮುಂಚೆ ಸಿಕ್ಕಾಪಟ್ಟೆ ಹೊಗೆ ಬಿಡ್ತಿತ್ತು. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೆ ಕಾರುಗಳ ಸಂಗ್ರಹ ನೋಡಿ ಬಂದೆ, ಅವತ್ತಿಂದ ತಲೇಲಿ ಇದೇ ಕೂತಿದೆ. ಒಂದಿಬ್ಬರನ್ನ ಕರೆಸಿ ತೋರಿಸಿದ್ದೂ ಆಯ್ತು. ಒಬ್ಬ ಬಾನೆಟ್ ಕೂಡ ಎತ್ತಲಿಲ್ಲ, "ಬೋರ್‌ಗೆ ಬಂದೈತೆ, ಇಳಿಸಬೇಕು" ಅಂದ. ಇನ್ನೊಬ್ಬ ಬಾನೆಟ್ ಎತ್ತಿ ನೋಡಿ, "ಇದನ್ಯಾಕ್ ಮಾಡ್ಸ್ತೀರಾ, ಡೀಸೆಲ್ ಇಂಜಿನ್ ಕೂರಿಸಿಬಿಡೋಣ" ಅಂದ.

ಮಾವ: ಮೊದಲನೆಯವನು ಹೇಳಿದ್ದು ನಿಜವೂ ಇರಬಹುದು. ಆದ್ರೆ ನೋಡದೇ ಹೇಳಿದ. ಎರಡನೆಯವನು ನೋಡಿ ಹೇಳಿದ, ತನಗೆ ಬರೋ ಕೆಲಸ ಹೇಳಿದ. ಹೊಗೆ ಯಾವ ಬಣ್ಣ ಇತ್ತು?

ಅಳಿಯ: ನೀಲಿ ಅಂತಾರೆ ಅಪ್ಪ.

ಮಾವ: ಯಾವಾಗ ಬರ್ತಿತ್ತು? ಸ್ಟಾರ್ಟ್ ಮಾಡ್ದಾಗ ಒಂದು ಸಲ ಬುಸ್ ಅಂದು ನಿಂತುಹೋಗ್ತಿತ್ತೋ, ಇಳಿಜಾರಲ್ಲಿ ಆಕ್ಸಿಲೇಟರ್ ಬಿಟ್ಟು ಮತ್ತೆ ಒತ್ತಿದಾಗ ಬರ್ತಿತ್ತೋ, ಇಲ್ಲ ಏರಲ್ಲಿ ಎಳೆಯೋವಾಗ ಒಂದೇ ಸಮ ಬರ್ತಿತ್ತೋ?

ಅಳಿಯ: ಅಷ್ಟೆಲ್ಲ ಯಾರು ನೋಡಿದ್ದಾರೆ ಮಾವ?

ಮಾವ: ನಿಮ್ಮಪ್ಪ ನೋಡಿರ್ತಾರೆ, ಕೇಳು. ಆಕ್ಸಿಲೇಟರ್ ಬಿಟ್ಟು ಒತ್ತಿದಾಗ ಮಾತ್ರ ಬಂದ್ರೆ ವಾಲ್ವ್ ಗೈಡ್ ಸವೆದು ಆಯಿಲ್ ಒಳಗೆ ಇಳೀತಿದೆ ಅಂತ. ಅದಕ್ಕೆ ಹೆಡ್ ಬಿಚ್ಚಿದ್ರೆ ಸಾಕು. ಎಳೆಯೋವಾಗೆಲ್ಲ ಬಂದ್ರೆ ರಿಂಗೂ ಬೋರೂ ಹೋಗಿದಾವೆ. ಹೊಗೆ ಬೆಳ್ಳಗಿದ್ದು ರೇಡಿಯೇಟರ್ ನೀರು ಕಮ್ಮಿ ಆಗ್ತಿದ್ರೆ ಗ್ಯಾಸ್ಕೆಟ್ ನೋಡ್ಬೇಕು. ಈ ಪ್ರಶ್ನೆ ಕೇಳದೇ ಇರೋ ಮೆಕ್ಯಾನಿಕ್‌ನ ಆ ಕ್ಷಣಾನೇ ಕಾಫಿ ಕೊಟ್ಟು ಕಳಿಸಿಬಿಡು. ಡಾಕ್ಟರಾದ್ರೂ ನಾಡಿ ಹಿಡಿದು ಔಷಧಿ ಬರೀತಾನೆ.

ಅಳಿಯ: ಈಗ ಇಂಜಿನ್ ಸ್ಟಾರ್ಟೇ ಆಗಲ್ಲ. ಹೊಗೆ ನೋಡೋದು ಹೇಗೆ?

ಮಾವ: ಹ್ಯಾಂಡಲ್ ಐತಾ? ಮುಂದಿನ ಬಂಪರ್ ತೂತಿಂದ ಹಾಕಿ ತಿರುಗಿಸೋದು?

ಅಳಿಯ: ಡಿಕ್ಕೀಲಿದೆ.

ಮಾವ: ಹಂಗಾದ್ರೆ ಮೊದಲು ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಚೂರು ಆಯಿಲ್ ಬಿಟ್ಟು ಒಂದೆರಡು ದಿನ ಹಂಗೇ ಬಿಡು. ಒಣಗಿದ ರಿಂಗನ್ನ ಏಕ್‌ದಂ ತಿರುಗಿಸಬಾರದು. ಆಮೇಲೆ ನ್ಯೂಟ್ರಲ್ ಮಾಡಿ, ಇಗ್ನಿಷನ್ ಆಫ್ ಇರೋದನ್ನ ಎರಡು ಸಲ ನೋಡ್ಕೊಂಡು, ಪ್ಲಗ್ ಹಾಕಿ ಹ್ಯಾಂಡಲ್ ತಿರುಗಿಸು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಇರಲಿ, ಹ್ಯಾಂಡಲ್ ಸುತ್ತಿ ಹಿಡೀಬೇಡ. ಒದ್ದರೆ ಹೆಬ್ಬೆರಳು ಮುರಿಯುತ್ತೆ. ಎರಡು ಸುತ್ತಲ್ಲಿ ನಾಲ್ಕು ಸಲ ಕೈಗೆ ತಡೆ ಸಿಗಬೇಕು. ಯಾವುದಾದ್ರೂ ಒಂದು ಸಲ ಸುಮ್ಮನೆ ಜಾರಿಹೋದ್ರೆ ಆ ಸಿಲಿಂಡರಲ್ಲಿ ದಮ್ಮಿಲ್ಲ. ಇಷ್ಟು ನೀನೇ ಮಾಡಬಹುದು, ಇದಕ್ಕೆ ಮೆಕ್ಯಾನಿಕ್ ಬೇಡ. ಆಮೇಲೆ ಬರೋನು ಕಂಪ್ರೆಷನ್ ಗೇಜ್ ತರಬೇಕು. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆಗೆದು, ನಾಲ್ಕರದ್ದೂ ಬರ್ಕೋಬೇಕು. ನಾಲ್ಕೂ ಹತ್ತಿರ ಹತ್ತಿರ ಇದ್ರೆ ಸರಿ, ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಎಲ್ಲೋ ಸೋರ್ತಿದೆ. ಕಮ್ಮಿ ಇರೋದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದ್ರೆ ರಿಂಗು, ಏರದಿದ್ರೆ ವಾಲ್ವು. ಅಕ್ಕಪಕ್ಕದ ಎರಡೂ ಕಮ್ಮಿ ಇದ್ರೆ ಅವೆರಡರ ನಡುವೆ ಗ್ಯಾಸ್ಕೆಟ್ ಒಡೆದಿರುತ್ತೆ. ನಿಂತ ಗಾಡೀಲಿ ಈ ಲೆಕ್ಕ ಪೂರ್ತಿ ನಿಜ ಹೇಳಲ್ಲ, ಆದ್ರೂ ಎಲ್ಲಿಂದ ಶುರು ಮಾಡ್ಬೇಕು ಅಂತ ತೋರಿಸುತ್ತೆ.

ಅಳಿಯ: ಇಷ್ಟು ಮಾಡೋ ಮನುಷ್ಯ ಎಲ್ಲಿ ಸಿಗ್ತಾನೆ, ಅದನ್ನ ಹೇಳಿ. ನಮ್ಮ ಸೋಲೂರಲ್ಲಿ ಹೆದ್ದಾರಿ ಉದ್ದಕ್ಕೂ ಗ್ಯಾರೇಜ್‌ಗಳಿವೆ. ಹಾಸನ, ಮಂಗಳೂರಿನ ಲಾರಿಗಳೆಲ್ಲ ಅಲ್ಲೇ ನಿಲ್ತವೆ. ಆದ್ರೆ ಅವರು ಲಾರಿಯವರು. ಬೆಂಗಳೂರಿಗೆ ಹೋದ್ರೆ ದೊಡ್ಡ ಗ್ಯಾರೇಜಲ್ಲಿ ಎಲ್ಲ ಹುಡುಗರ ಕೈಲೂ ಸ್ಕ್ಯಾನರ್. ನಮ್ಮ ಗಾಡೀಲಿ ಅದನ್ನ ಸಿಗಿಸೋಕೆ ಜಾಗವೇ ಇಲ್ಲ.

ಮಾವ: ನೀನು ತಪ್ಪು ಬಾಗಿಲು ತಟ್ಟಿದ್ದೀಯ. ಮೆಕ್ಯಾನಿಕ್ ಹುಡುಕೋಕೆ ಮೆಕ್ಯಾನಿಕ್‌ಗಳ ಹತ್ರ ಹೋಗ್ಬಾರದು, ಲೇತಿನವನ ಹತ್ರ ಹೋಗ್ಬೇಕು. ನಾನು ಪೀಣ್ಯದಲ್ಲಿ ಬೋರಿಂಗ್ ಮಿಷಿನ್ ಮುಂದೆ ನಿಂತಿದ್ದವನು, ಯಾವ ಮೆಕ್ಯಾನಿಕ್ ಎಂಥವನು ಅಂತ ಅವನು ಬ್ಲಾಕ್ ತಂದು ಇಳಿಸಿದ್ದನ್ನ ನೋಡಿದ್ರೇ ಗೊತ್ತಾಗ್ತಿತ್ತು. ಒಬ್ಬ ಬರ್ತಾನೆ, ಬ್ಲಾಕ್ ತುಂಬ ಗ್ರೀಸು, ಮಣ್ಣು. ಬೇರಿಂಗ್ ಕ್ಯಾಪೆಲ್ಲ ಒಂದು ಬಕೆಟ್ಟಲ್ಲಿ ಒಟ್ಟಿಗೆ ಬಿದ್ದಿರ್ತವೆ. "ಎಷ್ಟು ಬೇಕೋ ಅಷ್ಟು ಹೊಡೆದುಬಿಡಿ, ಸಂಜೆ ಬರ್ತೀನಿ" ಅಂದು ಹೋಗ್ತಾನೆ. ಇನ್ನೊಬ್ಬ ತರೋವಾಗ ತೊಳೆದು ತರ್ತಾನೆ. ಮೇನ್ ಕ್ಯಾಪ್‌ಗಳು ಅವವುಗಳ ಜಾಗದಲ್ಲೇ ಬೋಲ್ಟ್ ಹಾಕಿರ್ತವೆ. ಹೊಸ ಪಿಸ್ಟನ್ ಪೇಪರಲ್ಲಿ ಸುತ್ತಿ ಜೊತೇಲಿ ತಂದಿರ್ತಾನೆ. ಜೇಬಲ್ಲಿ ಅವನೇ ಅಳತೆ ತೆಗೆದ ಚೀಟಿ. ನಾವು ಗೇಜ್ ಹಾಕಿ ನೋಡೋವರೆಗೂ ಪಕ್ಕದಲ್ಲೇ ನಿಂತು ತನ್ನ ಚೀಟಿ ಜೊತೆ ತಾಳೆ ನೋಡ್ತಾನೆ. ಅಂಥವನ ಬ್ಲಾಕಿಗೆ ನಾವೂ ಬೇರೆ ಥರಾನೇ ಕೈ ಹಾಕ್ತಿದ್ವಿ, ಸುಳ್ಳು ಯಾಕೆ ಹೇಳಲಿ.

ಅಳಿಯ: ಕ್ಯಾಪ್ ಬಕೆಟ್ಟಲ್ಲಿ ಹಾಕಿದ್ರೆ ಏನಾಗುತ್ತೆ? ಎಲ್ಲಾ ಒಂದೇ ಥರ ಇರ್ತವಲ್ಲ.

ಮಾವ: ನೋಡೋಕೆ ಒಂದೇ ಥರ. ಫ್ಯಾಕ್ಟ್ರೀಲಿ ಕ್ಯಾಪ್ ಬಿಗಿದು ಆಮೇಲೆ ಒಂದೇ ಸಾಲಲ್ಲಿ ತೂತು ಕೊರೀತಾರೆ. ನಿಮ್ಮ ಇಂಜಿನ್ನಲ್ಲಿ ಮೇನ್ ಬೇರಿಂಗ್ ಬರೀ ಮೂರು. ಅದರಲ್ಲಿ ಒಂದರದ್ದು ಇನ್ನೊಂದಕ್ಕೆ ಹೋಯ್ತು ಅಂದ್ರೆ ಕ್ರ್ಯಾಂಕ್ ಬಿಗಿಯಾಗುತ್ತೆ. ಕೆಲವರು ಆಗ ಬೇರಿಂಗ್ ಬೆನ್ನು ಉಜ್ಜಿ ಸಡಿಲ ಮಾಡ್ತಾರೆ! ಕನೆಕ್ಟಿಂಗ್ ರಾಡಿಗೂ ಅಷ್ಟೇ, ನಂಬರ್ ನೋಡಿ ಜೋಡಿ ಬಿಡಿಸದ ಹಾಗೆ ಇಟ್ಕೋಬೇಕು.

ಅಳಿಯ: ಸರಿ, ಲೇತಿನವನನ್ನ ಕೇಳಿದ್ರೆ ಅವನು ಯಾಕೆ ನಿಜ ಹೇಳ್ತಾನೆ? ಅವನಿಗೆ ಕೆಲಸ ತರೋರೇ ಮೆಕ್ಯಾನಿಕ್‌ಗಳು.

ಮಾವ: ಇದು ಬುದ್ಧಿವಂತರ ಪ್ರಶ್ನೆ. "ಯಾರು ಕೆಟ್ಟವರು" ಅಂದ್ರೆ ಬಾಯೇ ಬಿಡಲ್ಲ. "ನಿಮ್ಮ ಸ್ವಂತ ಗಾಡಿ ಇಂಜಿನ್ ಯಾರ ಕೈಲಿ ಕಟ್ಟಿಸ್ತೀರಾ" ಅಂತ ಕೇಳು. ಒಬ್ಬನ ಹೆಸರು ಬರುತ್ತೆ. ಇನ್ನೊಂದು ಲೇತಲ್ಲೂ ಇದೇ ಕೇಳು. ಎರಡು ಕಡೆ ಒಂದೇ ಹೆಸರು ಬಂತು ಅಂದ್ರೆ ಹುಡುಕಾಟ ಮುಕ್ಕಾಲು ಮುಗೀತು.

ಅಳಿಯ: ನನಗೇನೋ ಪರಿಚಯದವರಾದ್ರೆ ಮೋಸ ಮಾಡಲ್ಲ ಅನ್ನಿಸುತ್ತೆ. ಚಿಕ್ಕಪ್ಪನ ಸ್ನೇಹಿತರೊಬ್ಬರು ಕುಣಿಗಲ್‌ನಲ್ಲಿ ಗ್ಯಾರೇಜ್ ಇಟ್ಟಿದ್ದಾರಂತೆ.

ಮಾವ: ಪರಿಚಯದವನ ಹತ್ರ ಅಳತೆ ಚೀಟಿ ಕೇಳ್ತೀಯಾ? ಹಳೆ ಪಿಸ್ಟನ್ ವಾಪಸ್ ಕೊಡಿ ಅಂತೀಯಾ? ಬಾಯಿ ಬರಲ್ಲ. "ಅಯ್ಯೋ ನಮ್ಮವರೇ" ಅಂತ ಸುಮ್ಮನಾಗ್ತೀಯ. ನಿಮ್ಮ ತಾತ ರಾಮನಗರದ ಮಾರ್ಕೆಟ್ಟಲ್ಲಿ ರೇಷ್ಮೆ ಗೂಡು ಕೊಳ್ಳೋವಾಗ ರೈತನ ಮುಖ ನೋಡಿ ಕೂಗ್ತಿದ್ರಾ? ಒಂದು ಹಿಡಿ ಗೂಡು ಎತ್ತಿ ಕಿವಿ ಹತ್ರ ಅಲ್ಲಾಡಿಸಿ ಆಮೇಲೆ ರೇಟು ಹೇಳ್ತಿದ್ರು. ಅದರಿಂದ ಯಾವ ರೈತನೂ ಬೇಜಾರು ಮಾಡ್ಕೊಂಡಿದ್ದು ನಾನು ನೋಡಿಲ್ಲ.

ಅಳಿಯ: ನಾನು ಏನೇನು ಕೇಳಬೇಕು ಹಾಗಾದ್ರೆ?

ಮಾವ: ಮೊದಲು, ಬೋರ್ ಎಲ್ಲೆಲ್ಲಿ ಅಳೀತೀರಿ ಅಂತ ಕೇಳು. ನಿಮ್ಮದು 1489 ಸಿಸಿ ಇಂಜಿನ್. ಹೊಸದಾಗಿದ್ದಾಗ ಬೋರ್ 2.875 ಇಂಚು, ಸ್ಟ್ರೋಕ್ 3.5 ಇಂಚು. ಸಿಲಿಂಡರ್ ಸಮನಾಗಿ ಸವೆಯಲ್ಲ. ಮೇಲಿನ ರಿಂಗ್ ತಿರುಗೋ ಜಾಗದಲ್ಲಿ ಜಾಸ್ತಿ, ಕೆಳಗೆ ಕಮ್ಮಿ. ಮೇಲ್ತುದೀಲಿ ಉಗುರಿಗೆ ಸಿಗೋ ಹಾಗೆ ಒಂದು ಅಂಚು ಉಳಿದಿರುತ್ತೆ. ಪಿಸ್ಟನ್ ಒತ್ತೋ ಪಕ್ಕಕ್ಕೆ ಮೊಟ್ಟೆ ಆಕಾರ ಆಗಿರುತ್ತೆ. ಅದಕ್ಕೆ ಮೇಲೆ, ಮಧ್ಯೆ, ಕೆಳಗೆ, ಒಂದೊಂದು ಕಡೆ ಉದ್ದಕ್ಕೂ ಅಡ್ಡಕ್ಕೂ ಅಳೀಬೇಕು. ಬರೀ ಮೇಲೊಂದು ಸಲ ಸ್ಕೇಲ್ ಇಟ್ಟು ನೋಡೋನು ನಮಗೆ ಬೇಡ. ಆಮೇಲೆ, ಪಿಸ್ಟನ್ ಮೊದಲೋ ಬೋರಿಂಗ್ ಮೊದಲೋ ಕೇಳು.

ಅಳಿಯ: ಬೋರಿಂಗ್ ಮಾಡಿ ಆಮೇಲೆ ಆ ಸೈಜಿನ ಪಿಸ್ಟನ್ ತರ್ತಾರೆ ಅಂದ್ಕೊಂಡಿದ್ದೆ.

ಮಾವ: ಹೊಸ ಗಾಡಿಗಾದ್ರೆ ನಡೆದುಹೋಗುತ್ತೆ, ಅಂಗಡೀಲಿ ಸಿಗ್ತವೆ. ನಿಮ್ಮದಕ್ಕೆ ಪಿಸ್ಟನ್ ಕೈಗೆ ಬಂದ ಮೇಲೇ ಬ್ಲಾಕ್ ಮುಟ್ಟಬೇಕು. ಓವರ್‌ಸೈಜ್ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಥೌ ಅಂತ ಬರ್ತವೆ. ಒಂದು ಥೌ ಅಂದ್ರೆ ಇಂಚಲ್ಲಿ ಸಾವಿರದ ಒಂದು ಪಾಲು. ಇಪ್ಪತ್ತಕ್ಕೆ ಕೊರೆಸಿಬಿಟ್ಟು ಅಂಗಡೀಲಿ ನಲವತ್ತೇ ಸಿಕ್ಕಿತು ಅಂದ್ರೆ ಇಪ್ಪತ್ತು ಥೌ ಕಬ್ಬಿಣ ಸುಮ್ಮನೆ ಪುಡಿ ಆಯ್ತು. ಮುಂದೆ ಒಂದು ಸಲ ಬೋರ್ ಮಾಡಿಸೋಕೆ ಇದ್ದ ಅವಕಾಶ ಹೋಯ್ತು. ನಲವತ್ತೂ ದಾಟಿದ್ರೆ ಸ್ಲೀವ್ ಹೊಡೆಸಬೇಕು. ಅದೂ ತಪ್ಪಲ್ಲ, ಚೆನ್ನಾಗಿ ಕೂರಿಸೋರು ಬೇಕು. ಪ್ರತಿ ಪಿಸ್ಟನ್ ಅಳೆದು, ಅದಕ್ಕೆ ಎಷ್ಟು ಗ್ಯಾಪ್ ಬೇಕೋ ಅಷ್ಟು ಬಿಟ್ಟು ಆ ಸಿಲಿಂಡರನ್ನ ಕೊರೀಬೇಕು.

ಅಳಿಯ: ಪಿಸ್ಟನ್ ಸಿಗುತ್ತಾ? ಅಂಬಾಸಿಡರ್ ಮಾಡ್ತಿದ್ದ ಉತ್ತರಪಾರಾ ಫ್ಯಾಕ್ಟ್ರಿ ಮುಚ್ಚಿದ್ದೇ 2014ರಲ್ಲಿ. ಅಷ್ಟೊತ್ತಿಗೆ ಈ ಇಂಜಿನ್ ಹಳೇದಾಗಿ ಎಷ್ಟೋ ಕಾಲ ಆಗಿತ್ತು.

ಮಾವ: ಬೆಂಗಳೂರಿನ ಜೆ.ಸಿ. ರೋಡಲ್ಲಿ ಹುಡುಕು. ಇಲ್ಲದಿದ್ರೆ ಕಲ್ಕತ್ತಾ, ಅಲ್ಲಿ ಟ್ಯಾಕ್ಸಿ ಎಲ್ಲ ಇದೇ ಆಗಿತ್ತಲ್ಲ, ಮಲ್ಲಿಕ್ ಬಜಾರ್ ಅಂತ ಹಳೆ ಪಾರ್ಟ್ಸಿಗೇ ಹೆಸರಾದ ಜಾಗ ಐತೆ. ಇಂಗ್ಲೆಂಡಿನ ದಾರೀನೂ ಉಂಟು. ನಿಮ್ಮ ಗಾಡಿ ಮೈ ಮಾರಿಸ್ ಆಕ್ಸ್‌ಫರ್ಡಿಂದು, ಇಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸು. ಇದೇ 1489 ಸಿಸಿ ಎಂಜಿಎ ಅನ್ನೋ ಸ್ಪೋರ್ಟ್ಸ್ ಕಾರಿಗೂ ಇತ್ತು.

ಅಳಿಯ: ಏನು, ತಾತನ ಅಂಬಾಸಿಡರಿಗೂ ರೇಸ್ ಕಾರಿಗೂ ಒಂದೇ ಇಂಜಿನ್ನಾ!

ಮಾವ: ಕುಣೀಬೇಡ. ಅದಕ್ಕೆ ಎರಡು ಕಾರ್ಬುರೇಟರು, ಬೇರೆ ಕ್ಯಾಮು. ನಿಮ್ಮದು ಗೂಡಿನ ಮೂಟೆ ಹೊತ್ತಿದ್ದು. ಇಂಗ್ಲೆಂಡಿನವರು ಇವತ್ತಿಗೂ ಆ ಕಾರುಗಳನ್ನ ಓಡಿಸೋದ್ರಿಂದ ಅಲ್ಲಿ ಗ್ಯಾಸ್ಕೆಟ್, ಬೇರಿಂಗ್ ಸಿಗ್ತವೆ, ಅಷ್ಟೇ ಲಾಭ. ತರಿಸೋ ಮುಂಚೆ ಹಳೇದನ್ನ ಪಕ್ಕದಲ್ಲಿಟ್ಟು ತಾಳೆ ನೋಡು. ಬೇರಿಂಗ್ ವಿಚಾರದಲ್ಲಂತೂ ಹಳೆ ಬೇರಿಂಗ್ ಬೆನ್ನ ಮೇಲೆ ಸೈಜ್ ಒತ್ತಿರುತ್ತೆ, ಅದನ್ನ ಓದು. ಈ ಹಿಂದೆ ಯಾರಾದ್ರೂ ಕ್ರ್ಯಾಂಕ್ ಗ್ರೈಂಡ್ ಮಾಡ್ಸಿದಾರಾ ಇಲ್ವಾ ಅಂತ ಅದೇ ಹೇಳುತ್ತೆ.

ಅಳಿಯ: ಲೇತಿಂದ ಬಂದ ಮೇಲೆ ಜೋಡಿಸೋದು ತಾನೆ? ಅಲ್ಲಿ ಮೋಸ ಏನಿರುತ್ತೆ?

ಮಾವ: ನನ್ನನ್ನ ಕೇಳಿದ್ರೆ ಇಂಜಿನ್ ಸಾಯೋದು ಅಲ್ಲೇ. ಬೋರಿಂಗ್, ಹೋನಿಂಗ್ ಆದ ಮೇಲೆ ಸಿಲಿಂಡರ್ ಗೋಡೇಲಿ ಕಲ್ಲಿನ ಪುಡಿ ಉಳಿದಿರುತ್ತೆ. ಕಣ್ಣಿಗೆ ಕಾಣಲ್ಲ. ಪೆಟ್ರೋಲಲ್ಲಿ ಒರೆಸಿದ್ರೆ ಹೋಗಲ್ಲ. ಬಿಸಿನೀರು, ಸೋಪು, ಬ್ರಷ್ ಹಾಕಿ ತಿಕ್ಕಬೇಕು. ತೊಳೆದು ಒಣಗಿಸಿ ಆಯಿಲ್ ಹಚ್ಚಿ ಬಿಳಿ ಬಟ್ಟೇಲಿ ಒರೆಸಿದ್ರೆ ಬಟ್ಟೆ ಕಪ್ಪಾಗಬಾರದು, ಕಪ್ಪಾದ್ರೆ ಮತ್ತೆ ತಿಕ್ಕು. ಆಯಿಲ್ ಹರಿಯೋ ಗ್ಯಾಲರಿ ಪ್ಲಗ್ ಬಿಚ್ಚಿ ತಂತಿ ಬ್ರಷ್ ಓಡಿಸಬೇಕು. ಆ ಪ್ಲಗ್ ಬಿಚ್ಚೋಕೆ ಕಷ್ಟ ಅಂತ ಬಹಳ ಜನ ಗಾಳಿ ಹೊಡೆದು ಬಿಟ್ಟುಬಿಡ್ತಾರೆ. ಒಳಗಿರೋ ಪುಡಿ ಹೊಸ ಬೇರಿಂಗಿಗೆ ಹೋಗಿ ಕೂರುತ್ತೆ. ಆರು ತಿಂಗಳಲ್ಲಿ ಇಂಜಿನ್ ಮತ್ತೆ ಬಡಿಯೋಕೆ ಶುರು. "ಪಾರ್ಟ್ಸ್ ಡೂಪ್ಲಿಕೇಟ್ ಸಾರ್" ಅಂತ ಅಂಗಡಿಯವನ ಮೇಲೆ ಹಾಕ್ತಾರೆ. ಡೂಪ್ಲಿಕೇಟೂ ಇರ್ತವೆ, ಇಲ್ಲ ಅನ್ನಲ್ಲ. ಆದ್ರೆ ತೊಳೆಯದೇ ಕೆಟ್ಟ ಇಂಜಿನ್ ನಾನು ಅದಕ್ಕಿಂತ ಜಾಸ್ತಿ ನೋಡಿದ್ದೀನಿ.

ಅಳಿಯ: ತಾತ ರೇಡಿಯೇಟರಿಗೆ ಬೋರ್‌ವೆಲ್ ನೀರೇ ಹಾಕ್ತಿದ್ರು.

ಮಾವ: ಈ ಭಾಗದಲ್ಲಿ ಇನ್ನೇನು ಹಾಕ್ತಾರೆ? ಗಡಸು ನೀರು, ಸ್ಟೌ ಮೇಲಿನ ಪಾತ್ರೆ ತಳದಲ್ಲಿ ಕೂರೋ ಬಿಳಿ ಪದರ ಬ್ಲಾಕ್ ಒಳಗೂ ಕೂತಿರುತ್ತೆ. ಬ್ಲಾಕ್ ಪಕ್ಕದ ತಟ್ಟೆ ಥರದ ಪ್ಲಗ್‌ಗಳನ್ನ ಕಿತ್ತು, ನೀರಿನ ದಾರಿ ಪೂರ್ತಿ ಬಿಡಿಸಬೇಕು. ಅದನ್ನ ಬಿಟ್ಟು ಬೋರ್ ಮಾಡ್ಸಿದ್ರೆ ಹೊಸ ಪಿಸ್ಟನ್ ಮೊದಲ ಬೇಸಿಗೇಲೇ ಕಚ್ಕೊಳ್ಳುತ್ತೆ. ಮುಂದೆ ಕೂಲೆಂಟ್ ಹಾಕು.

ಅಳಿಯ: ಹೆಡ್ ಬಗ್ಗೆ ಇನ್ನೊಂದು ಕೇಳಿದ್ದೆ, ಈಗಿನ ಪೆಟ್ರೋಲ್ ಹಳೆ ಇಂಜಿನ್‌ಗೆ ಆಗಲ್ಲ ಅಂತ.

ಮಾವ: ಎರಡು ಬೇರೆ ಬೇರೆ ಮಾತು ಅದು, ಜನ ಸೇರಿಸಿಬಿಡ್ತಾರೆ. ಮೊದಲು ಪೆಟ್ರೋಲಲ್ಲಿ ಸೀಸ ಇರ್ತಿತ್ತು, ಅದು ಎಕ್ಸಾಸ್ಟ್ ವಾಲ್ವ್ ಕೂರೋ ಸೀಟನ್ನ ಕಾಪಾಡ್ತಿತ್ತು. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ನಿಮ್ಮ ಹೆಡ್ ಎರಕದ ಕಬ್ಬಿಣ, ಸೀಟೂ ಅದರಲ್ಲೇ ಕಡೆದದ್ದು. ಹೆದ್ದಾರೀಲಿ ಒಂದೇ ಸಮ ಓಡಿಸಿದ್ರೆ ಸೀಟು ಕುಗ್ಗಿ ಟ್ಯಾಪೆಟ್ ಗ್ಯಾಪ್ ಮುಚ್ಚುತ್ತೆ. ಹೆಡ್ ಹೇಗಿದ್ರೂ ಬಿಚ್ಚಿರುತ್ತೆ, ಎಕ್ಸಾಸ್ಟಿಗೆ ಗಟ್ಟಿ ಸೀಟ್ ಹೊಡೆಸಿಬಿಡು. ಇನ್ನೊಂದು ಎಥನಾಲ್. ಈಗ ಬಂಕಲ್ಲಿ ಬರೋದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತಿದ್ದು. ಅದು ಹಳೆ ರಬ್ಬರನ್ನ ತಿನ್ನುತ್ತೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು, ಕಾರ್ಬುರೇಟರಿನ ವಾಷರ್ರು, ಎಲ್ಲ ಈಗಿನ ರಬ್ಬರಿಗೆ ಬದಲಾಯಿಸು. ಬಿಸಿ ಇಂಜಿನ್ ಪಕ್ಕ ಸೋರೋ ಪೈಪು ಬೇಡ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡು.

ಅಳಿಯ: ಇದನ್ನೆಲ್ಲ ತಿಳಿದವನು ಸ್ಕ್ಯಾನರ್ ಹುಡುಗರಲ್ಲಿ ಇರಲ್ಲ, ಲಾರಿ ಗ್ಯಾರೇಜಲ್ಲೂ ಇರಲ್ಲ. ಎಲ್ಲಿರ್ತಾನೆ ಮತ್ತೆ?

ಮಾವ: ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳನ್ನ ಯಾರೂ ಕೇಳಲ್ಲ ನೋಡು. ಕುದೂರು, ಮಾಗಡಿ, ಕುಣಿಗಲ್ ಕಡೆ ಇನ್ನೂ ಇಂಜಿನ್ ಬಿಚ್ಚಿ ರಿಂಗ್ ಗ್ಯಾಪ್ ನೋಡಿ, ಫೀಲರ್ ಗೇಜಲ್ಲಿ ಟ್ಯಾಪೆಟ್ ಇಟ್ಟು ಕಟ್ಟೋರು ಅವರು. ಸಿಟೀಲಿ ಇಂಜಿನ್ ಕಟ್ಟೋದೇ ನಿಂತುಹೋಗಿದೆ, ಕೆಟ್ರೆ ಪೂರ್ತಿ ಬದಲಾಯಿಸ್ತಾರೆ. ಟ್ರ್ಯಾಕ್ಟರಿನವನಿಗೆ ಪೆಟ್ರೋಲ್, ಪ್ಲಗ್, ಡಿಸ್ಟ್ರಿಬ್ಯೂಟರ್ ಅಭ್ಯಾಸ ತಪ್ಪಿರಬಹುದು. ಅದನ್ನ ಹಳೇ ಕಾರ್ ಎಲೆಕ್ಟ್ರಿಷಿಯನ್ ಒಬ್ಬ ಅರ್ಧ ದಿನದಲ್ಲಿ ಸರಿ ಮಾಡ್ತಾನೆ. ಕಟ್ಟೋ ಕೈ ಸಿಗೋದು ಕಷ್ಟ.

ಅಳಿಯ: ಅವರಿಗೆ ಟಾರ್ಕ್ ರೆಂಚ್ ಇರುತ್ತಾ?

ಮಾವ: ಇದೆಯಾ ಅಂತ ಕೇಳು. "ನನ್ನ ಕೈಯೇ ಟಾರ್ಕ್ ರೆಂಚ್" ಅಂದ್ರೆ ನಕ್ಕು ಎದ್ದು ಬಾ. ಹೆಡ್ ಬೋಲ್ಟ್‌ಗಳನ್ನ ನಡುವಿಂದ ಹೊರಕ್ಕೆ, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ ಬಿಗೀಬೇಕು. ಇನ್ನೊಂದು ಪರೀಕ್ಷೆ ಹೇಳ್ತೀನಿ. "ಕಟ್ಟಿದ ಮೇಲೆ ಒಂದು ಹನೀನೂ ಆಯಿಲ್ ಸೋರಬಾರದು, ಗ್ಯಾರಂಟಿ ಕೊಡ್ತೀರಾ" ಅಂತ ಕೇಳು. "ಗ್ಯಾರಂಟಿ ಸಾರ್" ಅಂದ್ರೆ ಈ ಇಂಜಿನ್ ಅವನಿಗೆ ಗೊತ್ತಿಲ್ಲ. ಇದರ ಹಿಂದಿನ ಮೇನ್ ಬೇರಿಂಗ್ ಹತ್ರ ಈಗಿನ ಥರ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಕೊರೆದ ತಿರುಪಿನ ಮರೆಗಳು ತಿರುಗೋವಾಗ ಆಯಿಲನ್ನ ವಾಪಸ್ ಒಳಕ್ಕೆ ತಳ್ತವೆ. ನಿಂತಾಗ ಒಂದೆರಡು ಹನಿ ಬೀಳೋದು ಆ ಇಂಜಿನ್ ಸ್ವಭಾವ. "ಸ್ವಲ್ಪ ಬೀಳುತ್ತೆ, ಕೆಳಗೊಂದು ತಟ್ಟೆ ಇಡಿ" ಅಂದವನ ಕೈಗೆ ಕೀ ಕೊಡು.

ಅಳಿಯ: ದುಡ್ಡಿನ ವಿಚಾರ? ಒಬ್ಬ ಹೇಳೋದಕ್ಕೂ ಇನ್ನೊಬ್ಬ ಹೇಳೋದಕ್ಕೂ ಮೂರು ಪಟ್ಟು ವ್ಯತ್ಯಾಸ ಇದೆ.

ಮಾವ: ಒಟ್ಟು ಮಾತಾಡಬೇಡ. ಲೇಬರ್ ಬೇರೆ, ಲೇತ್ ಬೇರೆ, ಪಾರ್ಟ್ಸ್ ಬೇರೆ. ಲೇತಿನ ದುಡ್ಡು ನೀನೇ ಹೋಗಿ ಕೊಡು, ಪಾರ್ಟ್ಸ್ ಬಿಲ್ ನಿನ್ನ ಹೆಸರಿಗೆ ಇರಲಿ. ಕಮಿಷನ್ ಅನ್ನೋದು ಹುಟ್ಟೋದೇ ನೀನು ಹೋಗದೇ ಇರೋ ಜಾಗದಲ್ಲಿ. ಲೇಬರಲ್ಲಿ ಮಾತ್ರ ಚೌಕಾಸಿ ಮಾಡಬೇಡ. ಅಲ್ಲಿ ಕಡಿಮೆ ಮಾಡಿಸಿದ್ರೆ ಆ ಸೋಪು ನೀರಿನ ಕೆಲಸಾನೇ ಅವನು ಬಿಡೋದು. ಕೊನೆ ಕಂತನ್ನ ಐನೂರು ಕಿಲೋಮೀಟರ್ ಓಡಿಸಿ, ಆಯಿಲ್ ಬದಲಾಯಿಸಿ, ಹೆಡ್ ಬೋಲ್ಟ್, ಟ್ಯಾಪೆಟ್ ಮತ್ತೆ ನೋಡಿದ ದಿನ ಕೊಡೋದು ಅಂತ ಮೊದಲೇ ಮಾತಾಡ್ಕೊ. ಆ ಐನೂರು ಕಿಲೋಮೀಟರ್ ನೀನೂ ನೆಟ್ಟಗಿರಬೇಕು. ಹೆದ್ದಾರೀಲಿ ಬಸ್ಸಿನ ಜೊತೆ ಪೈಪೋಟಿ ಬೇಡ, ಮಾಗಡಿ ರಸ್ತೇಲಿ ಏರು ತಗ್ಗು ನೋಡ್ಕೊಂಡು ಓಡಿಸು. ನಿಲ್ಲಿಸಿಕೊಂಡು ಸುಮ್ಮನೆ ಐಡಲ್ ಬಿಡೋದೂ ಒಳ್ಳೇದಲ್ಲ.

ಅಳಿಯ: ಇಷ್ಟೆಲ್ಲ ಕಷ್ಟಕ್ಕಿಂತ ಆ ಡೀಸೆಲ್ ಇಂಜಿನ್ನೇ ವಾಸಿ ಅನ್ನಿಸ್ತಿದೆ ಮಾವ, ಬೈಬೇಡಿ.

ಮಾವ: ಬೈಯಲ್ಲ. ದಿನಾ ಓಡಿಸೋ ಗಾಡಿಗೆ ಆಗಿದ್ರೆ ನಾನೇ ಹಾಕ್ಸು ಅಂತಿದ್ದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ಬೇರೆ ನಿಯಮ ಮಾಡಿದೆ. ಮೊದಲ ನೋಂದಣಿ ಆಗಿ ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮಾರ್ಪಾಡು ಆಗಿರಬಾರದು. ನಿಮ್ಮದಕ್ಕೆ ವಯಸ್ಸು ಆಗಿದೆ. ಡೀಸೆಲ್ ಕೂರಿಸಿದ ದಿನ ಆ ಬಾಗಿಲು ಮುಚ್ಚುತ್ತೆ. ಆದ್ರೆ ಆ ನೋಂದಣಿ ತಗೊಂಡ್ರೆ ರ‍್ಯಾಲಿ, ಪ್ರದರ್ಶನ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಬಳಕೆಗೆ ಇಲ್ಲ. ಅದು ಬೇಕೋ, ಸಾಧಾರಣ ಆರ್‌ಸೀನೇ ಐದೈದು ವರ್ಷಕ್ಕೆ ನವೀಕರಿಸ್ಕೊಂಡು ಹೋಗ್ತೀಯೋ, ಯೋಚನೆ ಮಾಡು. ಆರ್‌ಸಿ ಈಗ ಯಾರ ಹೆಸರಲ್ಲಿದೆ?

ಅಳಿಯ: ತಾತನ ಹೆಸರಲ್ಲೇ. ಎಂವೈ ಅಂತ ಶುರುವಾಗೋ ಹಳೆ ಮೈಸೂರು ನಂಬರ್.

ಮಾವ: ಹಂಗಾದ್ರೆ ಸ್ಪ್ಯಾನರ್ ಮುಟ್ಟಿಸೋ ಮುಂಚೆ ಅದನ್ನ ಮಾಡು. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡ್ಸೋಕೆ ಫಾರಂ 31 ಅಂತ ಇದೆ. ಇಂಜಿನ್ ನಂಬರ್ ಪ್ಲೇಟು ಬ್ಲಾಕ್ ಮೇಲೇ ಇರುತ್ತೆ. ಬ್ಲಾಕ್ ಬಿರುಕು ಬಿಟ್ಟಿದ್ದು ಗೊತ್ತಾಗಿ ಬೇರೆ ಬ್ಲಾಕ್ ಹಾಕೋ ಹಾಗಾದ್ರೆ ಆ ನಂಬರಿಗೆ ಮತ್ತೆ ಅರ್ಜಿ. ತಾತನ ಹೆಸರಲ್ಲಿ ಅರ್ಜಿ ಹಾಕೋರು ಯಾರು? ಈಗಲೇ ಆರ್‌ಸೀಲಿರೋ ನಂಬರೂ ಪ್ಲೇಟಿಂದೂ ಒಂದೇನಾ ನೋಡಿ ಫೋಟೋ ತೆಗೆದಿಟ್ಕೊ.

ಅಳಿಯ: ಚಿಕ್ಕಪ್ಪ, ಅತ್ತೆಯರೆಲ್ಲ ಸಹಿ ಹಾಕಬೇಕಲ್ಲ ಇದಕ್ಕೆ.

ಮಾವ: ಹಾಕಬೇಕು. ಮೆಕ್ಯಾನಿಕ್ ಹುಡುಕೋದು ಅದಕ್ಕಿಂತ ಸುಲಭ. ಹಬ್ಬಕ್ಕೆ ಎಲ್ಲರೂ ಊರಿಗೆ ಬರ್ತಾರಲ್ಲ, ಊಟಕ್ಕೆ ಮುಂಚೆನೇ ಕೇಳಿಬಿಡು.